ಸೋಲಾರಿನ ಭಯ

ಅಣು ವಿದ್ಯುತ್ತೋ, ಸೌರ ವಿದ್ಯುತ್ತೋ, ಜನಕ್ಕೆ ಯಾವುದರ ಭಯ ಎಂದು ಊರೂರಲ್ಲಿ ಕೇಳುವುದು ಆಗ ನನ್ನ ಕೆಲಸ. ದೊಡ್ಡಉಳ್ಳಾರ್ತಿಯಲ್ಲಿ ದನಕುರಿ ಮೇಯುವ ಹುಲ್ಲುಗಾವಲಾದ ಕಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಬೋರಮ್ಮನನ್ನು ಮಾತಾಡಿಸಿದೆ.

"ಅಣು ಸ್ಥಾವರದಲ್ಲಿ ಅಪಘಾತವಾದರೆ ಊರೇ ಖಾಲಿ ಮಾಡಬೇಕಾಗುತ್ತೆ ಅವ್ವ. ಭಯ ಇಲ್ವಾ?"

"ಅದನ್ನ ನಾನು ಕಂಡಿಲ್ಲಪ್ಪ. ನಂಗೆ ಸೋಲಾರಿಂದೇ ಭಯ."

"ಬಿಸಿಲಿನ ಕರೆಂಟು ಯಾರಿಗೇನು ಮಾಡುತ್ತೆ?" ಎಂದು ನಕ್ಕೆ.

ಆಕೆ ನಗಲಿಲ್ಲ. "ಪ್ಲೇಟ್ ಹಾಕಿ ಕಾವಲಿಗೆ ಬೇಲಿ ಬಿಗಿದ್ರು. ಕುರಿ ಹೊಡ್ಕಂಡು ಹೈವೇ ಮೇಲೆ ಸುತ್ತಿ ಹೋಗ್ಬೇಕಾತು. ಅಲ್ಲೇ ನನ್ನ ಮಗನಿಗೆ ಲಾರಿ ಗುದ್ತು. ಜೀವ ಉಳೀಲಿಲ್ಲ."

ಬೋರಮ್ಮನೇ ಕೇಳಿದರು, "ಅಣುವಿನೋರೂ ಬೇಲಿ ಹಾಕ್ತಾರಾ?"

"ಹಾಕ್ತಾರೆ."

"ಹಂಗಾದ್ರೆ ನಮಗೆ ಎರಡೂ ಒಂದೇ."

ಚಳ್ಳಕೆರೆಗೆ ಬಂದು ಮೇಲಿನವರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಆಕೆಗೆ ಪ್ರಶ್ನೆ ಅರ್ಥವಾಗಿಲ್ಲ, ಬೇರೆ ಯಾರನ್ನಾದರೂ ಕೇಳಿ ಎಂದರು.