ಕೆಳಗಿನ ಖಾಲಿ ಜಾಗ

ನರ್ಸಿಂಗ್ ಓದುತ್ತೇನೆ ಎಂದು ನನ್ನ ಹೆಂಡತಿ ಮೊದಲ ಸಲ ಹೇಳಿದಾಗ ನಾನು ತಡಮಾಡದೆ "ಓದು" ಎಂದೆ. ನನಗೆ ಹಾಗೆಯೇ ನೆನಪಿದೆ. ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ನಾನು ಒಂದೊಂದೇ ಕ್ಲಿಪ್ಪು ಎತ್ತಿ ಕೊಡುತ್ತಿದ್ದೆ, ಪುಣೆಯ ಯೆರವಡಾದ ತಗಡಿನ ಮಾಡುಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಇಷ್ಟೆಲ್ಲ ವಿವರ ಇರುವ ನೆನಪು ಸುಳ್ಳಾಗಲಿಕ್ಕಿಲ್ಲ ಎಂದುಕೊಂಡಿದ್ದೆ.

ಆದರೆ ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಅದರ ಮೊದಲ ಪುಟದಲ್ಲಿ, ರೋಗಿಯ ಪೂರ್ವ ಇತಿಹಾಸ ಎಂಬ ತಲೆಬರಹದ ಕೆಳಗೆ ಹೀಗಿದೆ: "ವಿಷಯ ತಿಳಿಸಿದಾಗ ರೋಗಿ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಈ ವಯಸ್ಸಿನಲ್ಲಾ ಎಂದರು. ಆಮೇಲೆ ಹಸಿವಾಗಿದೆ ಎಂದರು."

ರೋಗಿ ಎಂದರೆ ನಾನು.

ಆ ನೋಟ್‌ಬುಕ್ಕಿನ ವಿಷಯಕ್ಕೆ ಬರುವ ಮುಂಚೆ ನಮ್ಮಿಬ್ಬರ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು. ಆ ಓದಿನಿಂದ ನನಗೆ ಎರಡು ಚಟ ಅಂಟಿದವು: ಯಾವುದನ್ನೂ ಪೂರ್ತಿ ನಂಬುವುದಿಲ್ಲ, ಎಲ್ಲಿಯೂ ಪೂರ್ತಿ ಕೂರುವುದಿಲ್ಲ. ಪುಣೆಗೆ ಬಂದ ಮೇಲೆ ಒಂದು ಕಾಲೇಜಿನಲ್ಲಿ ಪಾಠ ಮಾಡಿದೆ, ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದಿದೆ, ವಾಕಡದ ಕಂಪನಿಯೊಂದರಲ್ಲಿ ಯಂತ್ರಗಳ ಕೈಪಿಡಿ ಬರೆದೆ, ಈಗ ಮನೆಯಲ್ಲಿ ಕೂತು ಅನುವಾದ ಮಾಡುತ್ತೇನೆ. ಕೂತು ಎನ್ನುವುದೂ ಪೂರ್ತಿ ನಿಜವಲ್ಲ. ನಾನು ಹೀಗೆ ಹಾರಾಡಿದ ಹನ್ನೊಂದು ವರ್ಷವೂ ಅವಳು ಯೆರವಡಾದ ಪೇಟೆಯ ಒಂದೇ ದವಾಖಾನೆಯಲ್ಲಿ ಸಹಾಯಕಿಯಾಗಿದ್ದಳು. ಮದುವೆಯಾಗಿ ಬಂದ ವರ್ಷವೇ ಸೇರಿದ್ದು. ಗದಗಿನ ಕಡೆಯ ಹುಡುಗಿ, ಪಿಯುಸಿ ಮುಗಿದಿತ್ತು, ಮರಾಠಿ ಬರುತ್ತಿರಲಿಲ್ಲ. ವಯಸ್ಸಾದ ಮರಾಠಿ ಡಾಕ್ಟರು ಅವಳಿಗೆ ಭಾಷೆ, ಕೆಲಸ ಎರಡನ್ನೂ ಒಟ್ಟಿಗೇ ಕಲಿಸಿದರು. ತೂಕ, ಜ್ವರ, ಬಿ.ಪಿ. ನೋಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಎಲ್ಲವನ್ನೂ ರೋಗಿಯ ಕಾರ್ಡಿನ ಮೇಲೆ ಬರೆಯುವುದು.

ಮೊದಲ ವಾರವೇ ಡಾಕ್ಟರು ಒಂದು ನಿಯಮ ಹೇಳಿದ್ದರಂತೆ. ಬರೆಯುವುದನ್ನೆಲ್ಲ ನೀನೇ ಬರಿ, "ಪಣ ಖಾಲಚೀ ಜಾಗಾ ಮಾಝೀ." ಆದರೆ ಕೆಳಗಿನ ಜಾಗ ನನ್ನದು. ಅಂದಿನಿಂದ ಅವಳು ಪ್ರತಿ ಕಾರ್ಡಿನ ಕೆಳಗೂ ಎರಡು ಬೆರಳಿನಷ್ಟು ಜಾಗ ಬಿಡುತ್ತಿದ್ದಳು. ಡಾಕ್ಟರು ಅಲ್ಲಿ ಸಹಿ ಎಳೆಯುತ್ತಿದ್ದರು. ನ್ಯಾಯವಾದದ್ದೇ. ಪೇಟೆಯ ಜನ ಅವಳನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು, ಆದರೆ ಅವಳು ಸಿಸ್ಟರ್ ಆಗಿರಲಿಲ್ಲ.

ಅದು ಅವಳಿಗೆ ನಾಟಿದ್ದು ಒಂದು ಮಧ್ಯಾಹ್ನ. ದವಾಖಾನೆಯಲ್ಲಿ ಕೂತಿದ್ದ ಮುದುಕರೊಬ್ಬರಿಗೆ ಎದೆನೋವು ಬಂತು. ಡಾಕ್ಟರು ಅವಳನ್ನೂ ಆ ಮುದುಕರ ಮಗನನ್ನೂ ಜೊತೆಗೆ ರಿಕ್ಷಾದಲ್ಲಿ ಕೂರಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ನರ್ಸು ಕೇಳಿದ್ದಕ್ಕೆಲ್ಲ ಇವಳೇ ಉತ್ತರ ಕೊಟ್ಟಳು: ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಹೋದ ತಿಂಗಳು ಸಕ್ಕರೆ ಎಷ್ಟಿತ್ತು. ನರ್ಸು ಎಲ್ಲ ಬರೆದುಕೊಂಡು ಸಹಿಗೆ ಹಾಳೆ ಮುಂದೆ ಮಾಡಿದಾಗ ಇವಳು, ನಾನು ನರ್ಸಲ್ಲ, ಎಂದಳು. ಹಾಳೆ ಮಗನ ಕಡೆ ತಿರುಗಿತು.

"ಅಪ್ಪನ ಗುಳಿಗಿ ಹೆಸರ ಅಂವಗ ಗೊತ್ತಿಲ್ರೀ," ಆ ದಿನ ಮನೆಗೆ ಬಂದು ಹೇಳಿದಳು. "ಸಹಿ ಅಂವನ ಮಾಡಿದ."

ಮುದುಕರು ಉಳಿದರು. ಆ ಸಹಿ ಮಾತ್ರ ಅವಳ ತಲೆಯಲ್ಲಿ ಕೂತಿತು. ಆಮೇಲೆಯೇ ಬಾಲ್ಕನಿ, ಬಟ್ಟೆ, ನಾನು ಹೇಳಿದ ಅಥವಾ ಹೇಳದ ಮಾತು. ಪ್ರವೇಶದ ವಯಸ್ಸು ಮೀರಲು ಇನ್ನು ಸ್ವಲ್ಪವೇ ಉಳಿದಿತ್ತು. ಡಾಕ್ಟರು, ನನ್ನ ಬಲಗೈ ಹೋಗುತ್ತದೆ ಎಂದು ಗೊಣಗುತ್ತಲೇ ಆ ಬಲಗೈಯ ಅರ್ಜಿಯನ್ನು ತಾವೇ ತುಂಬಿಕೊಟ್ಟರು. ಅವಳು ನರ್ಸಿಂಗ್ ಶಾಲೆಯ ಮೂರು ವರ್ಷದ ಕೋರ್ಸಿಗೆ ಸೇರಿದಳು.

ಮೊದಲ ದಿನ ವಾರ್ಡಿಗೆ ಹೋಗಿ ಬಂದವಳು ಚಪ್ಪಲಿ ಬಿಡುವ ಮೊದಲೇ ನಗಲು ಶುರುಮಾಡಿದಳು. ಜೊತೆಯಲ್ಲಿ ಓದುವವರೆಲ್ಲ ಹದಿನೆಂಟರ ಹುಡುಗಿಯರು. ರೋಗಿಗಳು ಆ ಹುಡುಗಿಯರನ್ನು ಸಿಸ್ಟರ್ ಎಂದರಂತೆ, ಇವಳನ್ನು ಮಾವಶಿ ಎಂದರಂತೆ. ಅಂದರೆ ಚಿಕ್ಕಮ್ಮ. ವಾರ್ಡಿನಲ್ಲಿ ನೆಲ ಒರೆಸುವ ಹೆಂಗಸರನ್ನೂ ಹಾಗೆಯೇ ಕರೆಯುತ್ತಾರೆ.

"ಹನ್ನೊಂದು ವರ್ಷ ಸುಮ್ಮನ ಸಿಸ್ಟರ್ ಇದ್ದೆ," ಎಂದಳು. "ಕಲೀಲಿಕ್ಕೆ ಹೋದಕೂಡ್ಲೆ ಮಾವಶಿ ಆದೆ ನೋಡ್ರಿ."

ನೋಟ್‌ಬುಕ್ ಶುರುವಾದದ್ದು ಆಗ. ಅವಳ ಟೀಚರ್ ಮೇಡಂ ಒಬ್ಬರು ಕಟ್ಟುನಿಟ್ಟಿನ ಹೆಂಗಸು. ಅವರ ಮೊದಲ ಪಾಠ: ಬರೆಯದೆ ಉಳಿದದ್ದು ಮಾಡದೆ ಉಳಿದಂತೆ. ನೆನಪಿನ ಮೇಲೆ ಎಂದೂ ಬಿಡಬೇಡಿ. ಈ ಮಾತು ಕೇಳಿ ನನಗೆ ಆ ಮೇಡಂ ಮೇಲೆ ಗೌರವ ಹುಟ್ಟಿತು. ನಾನು ಎರಡು ವರ್ಷ ಓದಿ ಮುಟ್ಟಿದ ಜಾಗಕ್ಕೆ ಅವರು ಒಂದು ವಾಕ್ಯದಲ್ಲಿ ಬಂದಿದ್ದರು. ಚಾರ್ಟ್ ಬರೆಯುವ ಅಭ್ಯಾಸಕ್ಕೆ ಮನೆಯಲ್ಲಿ ಒಬ್ಬ ರೋಗಿ ಬೇಕಿತ್ತು, ಇದ್ದವನು ನಾನೊಬ್ಬನೇ. ಅವಳು ಬರೆದದ್ದು ತೊದಲು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಬೆಳಿಗ್ಗೆ 7.10. ಚಹಾ ಕೊಡಲಾಯಿತು. ಅರ್ಧ ಕುಡಿದರು. ದೂರು: ಸಕ್ಕರೆ ಕಡಿಮೆ. 7.30. ರೋಗಿ ಚಡಪಡಿಸುತ್ತಿದ್ದಾರೆ."

"ಚಡಪಡಸ್ತಾರ ಅಂತ ಹೆಂಗ ಬರದಿ?" ಎಂದೆ. "ಅದು ನಿನ್ನ ಅಭಿಪ್ರಾಯ."

"ಖರೇ. ಅಭಿಪ್ರಾಯ ಬರೀಬ್ಯಾಡ್ರಿ, ಕಂಡದ್ದು ಬರೀರಿ ಅಂದಾರ ಮೇಡಂ. ತಡೀರಿ." ಒಂದು ಗೆರೆ ಎಳೆದು ಅದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಬರೆದಳು: "ಹತ್ತು ನಿಮಿಷದಲ್ಲಿ ಆರು ಸಲ ಎದ್ದು ಕಿಟಕಿಗೆ ಹೋದರು. ಕಿಟಕಿಯ ಹೊರಗೆ ಏನೂ ಇರಲಿಲ್ಲ."

ನನ್ನ ಬಗ್ಗೆ ಇಷ್ಟು ನಿಖರವಾಗಿ ಯಾರೂ ಬರೆದಿರಲಿಲ್ಲ.

ಕೆಲಸದಲ್ಲಿ ಅವಳು ಬಹಳ ಮುಂದಿದ್ದಳು. ಹುಡುಗಿಯರು ಸೂಜಿ ಹಿಡಿದು ನಡುಗುವಾಗ ಇವಳು ಮಾತಾಡಿಸುತ್ತಲೇ ಚುಚ್ಚಿ ಮುಗಿಸುತ್ತಿದ್ದಳು. ಅದಕ್ಕೇ ಮೊದಲ ವರ್ಷದ ವಾರ್ಡ್ ಪರೀಕ್ಷೆಯಲ್ಲಿ ಚಾರ್ಟಿಗೆ ಸೊನ್ನೆ ಬಂದಾಗ ನಮಗೆ ಅರ್ಥವಾಗಲಿಲ್ಲ. ಜ್ವರ, ನಾಡಿ, ಔಷಧ, ಹೊತ್ತು, ಎಲ್ಲ ಮುತ್ತಿನಂಥ ಅಕ್ಷರದಲ್ಲಿ ತುಂಬಿತ್ತು. ಕೊನೆಯ ಕಾಲಂ, ಮಾಡಿದವರ ಸಹಿಯ ಕಾಲಂ, ಮೇಲಿನಿಂದ ಕೆಳಗಿನವರೆಗೆ ಖಾಲಿ.

"ಹೇ ಕೋಣೀ ಕೇಲಂ? ಭುತಾನಂ?" ಎಂದು ಮೇಡಂ ಇಡೀ ತರಗತಿಯ ಮುಂದೆ ಹಾಳೆ ಎತ್ತಿ ಹಿಡಿದರಂತೆ. ಇದನ್ನು ಮಾಡಿದ್ದು ಯಾರು, ಭೂತವೇ?

ಮರೆತಿದ್ದಲ್ಲ ಅದು. ಅವಳು ಹನ್ನೊಂದು ವರ್ಷ ಮಾಡಿದಂತೆಯೇ ಮಾಡಿದ್ದಳು, ಡಾಕ್ಟರಿಗೆ ಜಾಗ ಬಿಟ್ಟಿದ್ದಳು. ತರಗತಿಯ ಇನ್ನು ಯಾವ ಹುಡುಗಿಯೂ ಈ ತಪ್ಪು ಮಾಡಲು ಸಾಧ್ಯವಿರಲಿಲ್ಲ. ಎರಡನೆಯ ವರ್ಷ ಎಚ್ಚರದಿಂದ ಪಾರಾದಳು. ಮೂರನೆಯ ವರ್ಷದ ತಾಲೀಮು ಪರೀಕ್ಷೆಯಲ್ಲಿ ರೋಗಿಯೊಬ್ಬರು ವಾಂತಿ ಮಾಡಿಕೊಂಡು ಗಡಿಬಿಡಿಯಾಯಿತು, ಕೈ ಹಳೆಯ ದಾರಿಗೆ ಹೋಯಿತು, ಸಹಿಯ ಕಾಲಂ ಮತ್ತೆ ಖಾಲಿ. ಈ ಸಲ ಮೇಡಂ ಗದರಲಿಲ್ಲ. ಕೊನೆಯ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಅಲ್ಲಿ ಹೀಗಾದರೆ ನಾನು ಏನೂ ಮಾಡಲಾರೆ, ಆರು ತಿಂಗಳು ಮತ್ತೆ ಕಾಯಬೇಕಾಗುತ್ತದೆ ಎಂದರು. ಗದರಿದ್ದರೆ ಚೆನ್ನಾಗಿತ್ತು ಎಂದಳು ಅವಳು.

ಮನೆಯಲ್ಲಿ ಸಹಿಯ ತಾಲೀಮು ಶುರುವಾಯಿತು. ಅವಳ ಸಹಿ ಕೋರ್ಸಿಗೆ ಸೇರುವವರೆಗೆ ಮದುವೆಯ ರಿಜಿಸ್ಟರಿನಲ್ಲಿ, ಬ್ಯಾಂಕಿನಲ್ಲಿ ಎಲ್ಲೋ ಒಂದೆರಡು ಸಲ ಮಾಡಿದ್ದು, ಕನ್ನಡದ ಗುಂಡಗಿನ ಅಕ್ಷರ. ಶಾಲೆಯ ಮಕ್ಕಳ ಅಕ್ಷರದ ಹಾಗೆ ಕಾಣುತ್ತದೆ ಎಂದು ಅವಳಿಗೆ ನಾಚಿಕೆ. ಪೇಪರಿನ ಅಂಚಿನಲ್ಲಿ ಬರೆದಳು, ಕ್ಯಾಲೆಂಡರಿನ ಹಿಂದೆ ಬರೆದಳು, ರೊಟ್ಟಿ ಬಡಿಯುವಾಗ ಚೆಲ್ಲಿದ ಹಿಟ್ಟಿನ ಮೇಲೆ ಬೆರಳಿನಿಂದ ಬರೆದಳು. ಸಹಿ ಇಲ್ಲದ ಚಾರ್ಟಿನ ಚಹಾ ನಾನು ಕುಡಿಯುವುದಿಲ್ಲ ಎಂಬ ನಿಯಮ ನನ್ನದು. ಎರಡು ಸಲ ಚಹಾ ಆರಿಹೋಯಿತು.

ಇಷ್ಟರ ನಡುವೆ ನನ್ನ ಚಟ ಸುಮ್ಮನಿರಲಿಲ್ಲ. "ಸಹಿಯಿಂದ ಏನೂ ಸಿದ್ಧ ಆಗೂದಿಲ್ಲ," ಎಂದೆ ಒಂದು ದಿನ. "ಯಾರೋ ಒಬ್ರು ಪೆನ್ನು ಹಿಡದಿದ್ರು, ಅಷ್ಟ."

"ಹೌದ್ರಿ," ಎಂದಳು, ರೊಟ್ಟಿಯಿಂದ ಕಣ್ಣೆತ್ತದೆ. "ಆ ಯಾರೋ ಅನ್ನಾಕಿ ನಾನು ಅಂತ ಬರೀಬೇಕಲ್ಲ."

ನಾನು ಎದ್ದು ಕಿಟಕಿಗೆ ಹೋದೆ.

ಪರೀಕ್ಷೆಯ ದಿನ ಜಿನುಗು ಮಳೆ ಇತ್ತು. ನಾನು ಆಸ್ಪತ್ರೆಯ ಗೇಟಿನ ಬಳಿ ಬಾದಾಮಿ ಮರದ ಕೆಳಗೆ ನಿಂತು ಮೂರು ಪ್ಲೇಟು ಸಾಬೂದಾಣಿ ವಡೆ ತಿಂದೆ. (ಆಕಾಶ ನಿಚ್ಚಳವಾಗಿತ್ತು ಎನ್ನುತ್ತಾಳೆ ಅವಳು. ವಡೆಯ ಬಗ್ಗೆ ತಕರಾರಿಲ್ಲ.) ಮಧ್ಯಾಹ್ನ ಹೊರಗೆ ಬಂದಳು, ಮುಖ ಅರಳಿತ್ತು.

"ಹೆಂಗಾತು?"

"ಭಾಳ ಚಲೋ ಆತು. ಪೇಷಂಟ್ ನಮ್ಮ ಕಡಿಯಾಕಿ, ಬೆಳಗಾವಿಯಾಕಿ. ಕನ್ನಡದಾಗ ಮಾತಾಡಿಸಿದೆ, ಖುಷಿಯಾದ್ಲು."

"ಸಹಿ?"

ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಹಿಂದೆ ಬಂದ ರಿಕ್ಷಾ ಹಾರ್ನ್ ಹೊಡೆಯಿತು.

"ಮಾಡೀನಿ ಅನ್ನಸ್ತದ," ಎಂದಳು. ಮತ್ತೆ, "ನೆನಪಿಲ್ರೀ."

ನಮ್ಮ ಮನೆಯಲ್ಲಿ ನೆನಪು ಅವಳ ಖಾತೆ, ಸಂಶಯ ನನ್ನ ಖಾತೆ. ಆ ದಿನ ಅವಳು ನನ್ನ ಖಾತೆಗೆ ಬಂದು ಕೂತಳು. ಫಲಿತಾಂಶಕ್ಕೆ ಇನ್ನೂ ವಾರಗಳಿದ್ದವು. ಊಟಕ್ಕೆ ಕೂತಾಗ, ಬಸ್ಸಿನಲ್ಲಿ, ಹಲ್ಲುಜ್ಜುವಾಗ, ಅವಳ ಬಲಗೈ ಗಾಳಿಯಲ್ಲಿ ಚೂರು ಆಡುತ್ತಿತ್ತು, ಆ ದಿನ ಏನು ಮಾಡಿತ್ತೆಂದು ಕೈಯನ್ನೇ ಕೇಳುತ್ತಿದ್ದಂತೆ. ಜೀವಮಾನವೆಲ್ಲ ಸಂಶಯಪಟ್ಟವನಿಗೆ ಇನ್ನೊಬ್ಬರ ಸಂಶಯ ನೋಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಮಾಡಿದ್ದೀಯ, ಖಂಡಿತ ಮಾಡಿದ್ದೀಯ ಎಂದು ನಾನೇ ಹೇಳತೊಡಗಿದೆ. ಖಂಡಿತ ಎಂಬ ಶಬ್ದ ನನ್ನ ಬಾಯಲ್ಲಿ ಬಾಡಿಗೆಗೆ ಇದ್ದಂತೆ ಕೇಳುತ್ತಿತ್ತು.

"ನೀವು ನೋಡೀರೇನು?" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕಿರಾಣಿ ಅಂಗಡಿಗೆ ಹೋದೆ. ಅವಳು ಬರೆದುಕೊಟ್ಟ ಚೀಟಿಯನ್ನು ಅಂಗಡಿಯವನು ಓದಿ, ತಿರುಗಿಸಿ, ನನ್ನ ಮುಖ ನೋಡಿದ. ಜೋಳದ ಹಿಟ್ಟು, ಹೆಸರುಬೇಳೆ, ಶೇಂಗಾ, ಬಟ್ಟೆ ಸಾಬೂನು. ಕೆಳಗೆ: ಬೆಳಿಗ್ಗೆ 7.20. ಅದರ ಕೆಳಗೆ ಗುಂಡಗಿನ ಸಹಿ.

"ಏನ್ ಸಾಹೇಬ್ರ, ಸರಕಾರಿ ಆರ್ಡರೇನು?" ಎಂದ ಅಂಗಡಿಯವನು. ಅವನು ಸೊಲ್ಲಾಪುರದವನು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ.

ನಾನು ಸಾಮಾನು ಅಲ್ಲೇ ಬಿಟ್ಟು ಚೀಟಿ ಹಿಡಿದು ಮನೆಗೆ ಬಂದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ನನ್ನ ಓದು ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. "ನೋಡು," ಎಂದೆ. "ಬ್ಯಾಳಿ ಚೀಟಿಗೆ ಸಹಿ ಮಾಡೋ ಕೈ ಚಾರ್ಟ್ ಬಿಟ್ಟೀತೇನು?"

ಅವಳು ಚೀಟಿಯನ್ನು ದೀರ್ಘವಾಗಿ ನೋಡಿದಳು. ತಾನು ಸಹಿ ಮಾಡಿದ್ದು ಅವಳಿಗೇ ತಿಳಿದಿರಲಿಲ್ಲ.

"ಕಿರಾಣಿ ಅಂಗಡ್ಯಾಗ ಎಕ್ಸಾಮಿನರ್ ಇರೂದಿಲ್ಲಲ್ರಿ," ಎಂದಳು. ಆದರೆ ನಕ್ಕಳು. "ಹಿಟ್ಟೆಲ್ಲಿ?"

ಪಾಸಾದಳು. ಅಂಕಪಟ್ಟಿ ತರಲು ನಾನೂ ಜೊತೆಗೆ ಹೋಗಿದ್ದೆ. ಮೇಡಂ ಅವಳನ್ನು ಕಂಡದ್ದೇ ಮೇಜು ಹಿಡಿದುಕೊಂಡು ನಗತೊಡಗಿದರು. ಕಟ್ಟುನಿಟ್ಟಿನ ಹೆಂಗಸು ಎಂದು ನಾನು ಮೇಲೆ ಬರೆದದ್ದನ್ನು ಅಲ್ಲಿಗೆ ತಿದ್ದಿಕೊಳ್ಳಬೇಕು. ಪರೀಕ್ಷೆಯ ದಿನ ಇವಳು ಪ್ರತಿ ಸಾಲಿಗೂ ಸಹಿ ಹಾಕಿದ್ದಳಂತೆ. ಪುಟದ ತಳದಲ್ಲೂ ಹಾಕಿದ್ದಳಂತೆ. ಅಲ್ಲಿಗೂ ನಿಲ್ಲದೆ, ಪರೀಕ್ಷಕರು ಸಹಿ ಮಾಡಬೇಕಾದ ಚೌಕದಲ್ಲೂ ಹಾಕಿದ್ದಳಂತೆ. ಹೊರಗಿನಿಂದ ಬಂದ ಪರೀಕ್ಷಕಿ ಪೆನ್ನು ಹಿಡಿದು ಜಾಗ ಹುಡುಕಿ, ಕೊನೆಗೆ ಅಂಚಿನಲ್ಲಿ ತಮ್ಮದನ್ನು ಸಣ್ಣಗೆ ತುರುಕಿ, ಈ ಹುಡುಗಿ ನನಗೆ ಜಾಗವೇ ಬಿಟ್ಟಿಲ್ಲ ಎಂದರಂತೆ.

"ಹುಡುಗಿ ಅಂದ್ರಂತ," ಎಂದಳು ಅವಳು ಮೆಟ್ಟಿಲು ಇಳಿಯುತ್ತ. "ಕೇಳಿಸ್ಕೊಂಡ್ರೇನು? ಮಾವಶಿ ಅನ್ನಲಿಲ್ಲ."

ನರ್ಸಿಂಗ್ ಕೌನ್ಸಿಲಿನ ರಿಜಿಸ್ಟ್ರೇಶನ್ ನಂಬರ್ ಬಂದ ದಿನ ಪೇಢೆ ತೆಗೆದುಕೊಂಡು ಹಳೆಯ ದವಾಖಾನೆಗೆ ಹೋದೆವು. ಡಾಕ್ಟರು ಪೇಢೆ ಬದಿಗಿಟ್ಟು, ಅಂಗಿಯ ತೋಳು ಮಡಚಿ, ಮೊದಲು ನನ್ನ ಬಿ.ಪಿ. ನೋಡು ಎಂದರು. ಒಂದು ಹೊಸ ಕಾರ್ಡ್ ತೆಗೆದು ತಮ್ಮ ಹೆಸರು ತಾವೇ ಬರೆದರು. ಅವಳು ನೋಡಿದಳು, ಬರೆದಳು, ಕಾರ್ಡನ್ನು ಅವರ ಕಡೆ ತಳ್ಳಿದಳು. ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು. ಆ ದವಾಖಾನೆಯಲ್ಲಿ ಆ ಕೈಗೆ ಬೇರೆ ರೂಢಿ ಗೊತ್ತಿರಲಿಲ್ಲ.

ಡಾಕ್ಟರು ಕಾರ್ಡನ್ನು ಮರಳಿ ತಳ್ಳಿದರು. "ಆತಾ ಖಾಲಚೀ ಜಾಗಾ ತುಝೀ." ಇನ್ನು ಕೆಳಗಿನ ಜಾಗ ನಿನ್ನದು.

ಅವಳು ಸಹಿ ಮಾಡಿದಳು. ಬರೆದದ್ದು ಇಷ್ಟು: "ಬಿ.ಪಿ. 150/90. ಮೇಜಿನ ಖಾನೆಯಲ್ಲಿ ಕರಿದ ಬಾಕರವಡಿಯ ಪೊಟ್ಟಣ ಕಂಡುಬಂತು. ಉಪ್ಪು ಕಡಿಮೆ ಮಾಡಲು ತಿಳಿಸಲಾಯಿತು."

ಆ ಹೊತ್ತಿನಲ್ಲಿ ಡಾಕ್ಟರ ಕಣ್ಣುಗಳು ಒದ್ದೆಯಾಗಿದ್ದವು ಎಂದು ನನಗೆ ಸ್ಪಷ್ಟ ನೆನಪು. ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. ಡ್ಯೂಟಿಗೆ ಹೊರಟು ನಿಂತಿದ್ದಳು, ಕೂದಲಿಗೆ ಪಿನ್ನು ಚುಚ್ಚುತ್ತ ಹೇಳಿದಳು: "ಅವರವು ಅಲ್ರೀ. ನೋಟ್‌ಬುಕ್ ನೋಡ್ರಿ."

ನೋಡಿದೆ. ಕೊನೆಯ ಪುಟದಲ್ಲಿದೆ. "ಸಂಜೆ 5.40. ರೋಗಿಯ ಎರಡೂ ಕಣ್ಣಲ್ಲಿ ನೀರು. ಕಾರಣ ಕೇಳಿದಾಗ ಧೂಳು ಎಂದರು." ಕೆಳಗೆ, ಜಾಗ ತುಂಬುವಷ್ಟು ದೊಡ್ಡದಾಗಿ, ಗುಂಡಗಿನ ಸಹಿ.