ಸಾಲ ತೀರಿದವರಿಗೆ ಕೊಬ್ಬರಿ ಮಿಠಾಯಿ

ಕಳೆದ ಶನಿವಾರ ಒಂದು ಲಾಂಡ್ರಿ ರೂಮಿನಲ್ಲಿ ಎದ್ದು ನಿಂತು, ಅದುವರೆಗೆ ಮುಖವನ್ನೇ ನೋಡಿರದ ವೃದ್ಧರೊಬ್ಬರ ಕೈಗೆ ಕೊಬ್ಬರಿ ಮಿಠಾಯಿಯ ಡಬ್ಬಿ ಕೊಟ್ಟು, "ಕಂಗ್ರಾಜುಲೇಷನ್ಸ್" ಎಂದೆ. ಚಪ್ಪಾಳೆ ಬರುತ್ತದೆ ಅಂದುಕೊಂಡಿದ್ದೆ. ಯಾರದೋ ಬಟ್ಟೆ ಡ್ರೈಯರಿನಲ್ಲಿ ಗಡಗಡ ಉರುಳುತ್ತಿದ್ದ ಸದ್ದು ಬಿಟ್ಟರೆ ಮತ್ತೇನೂ ಬರಲಿಲ್ಲ.

ಹೀಗೇಕಾಯಿತು ಎಂದು ಹೇಳಬೇಕಾದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಬೇಕು. (ಈ ಅಂಕಣದ ಓದುಗರಿಗೆ ಅದೇನೂ ಹೊಸದಲ್ಲ. ಮೇಲಿನ ಮನೆಯವರ ಹೊಸ ಡಿಶ್‌ವಾಷರ್ ಬಗ್ಗೆ ಬರೆದಾಗ ನೀವೆಲ್ಲ ಎಷ್ಟು ಸಮಾಧಾನ ಹೇಳಿದ್ದಿರಿ!)

ಸೆಲಿನ್ ಮಂಗಳೂರಿನ ಕಡೆಯವಳು. ಸಿಯಾಟಲ್ ಹತ್ತಿರದ ಲಿನ್‌ವುಡ್‌ನ ಅಂಗಡಿಯೊಂದರಲ್ಲಿ ಕುಚ್ಚಲಕ್ಕಿ ಚೀಲದ ಮುಂದೆ ಪರಿಚಯವಾದವಳು. ಅವಳ ಗಂಡ ಆಲ್ಬರ್ಟ್ ಗೋಡೌನಿನಲ್ಲಿ ಪೆಟ್ಟಿಗೆ ಎತ್ತುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡ. ಪೂರ್ತಿ ದಿನದ ಕೆಲಸ ಹೋಗಿ ಅರ್ಧ ದಿನದ್ದು ಉಳಿಯಿತು. ಲಿನ್‌ವುಡ್‌ನ ಬಾಡಿಗೆ ಕಟ್ಟಲಾಗದೆ ಇಬ್ಬರೂ ಮಗಳನ್ನು ಕರೆದುಕೊಂಡು ಬೆಟ್ಟದ ಬುಡದ ಒಂದು ಪುಟ್ಟ ಊರಿಗೆ ಹೋದರು. ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಸೆಲಿನ್‌ಗೆ ಕೆಲಸ ಸಿಕ್ಕಿತು. ಅಯ್ಯೋ ಪಾಪ, ಇಂಗು ಬೇಕೆಂದರೂ ಒಂದು ಗಂಟೆ ಡ್ರೈವ್ ಮಾಡಬೇಕಲ್ಲ ಎಂದು ಮರುಗಿ, ಹಳೆಯ ಪರದೆಗಳನ್ನೂ ಒಂದು ಕುಕ್ಕರನ್ನೂ ಕೊಟ್ಟು ಕಳಿಸಿದ್ದೆ.

ನನ್ನ ಮರುಕ ಅವಳ ಮನೆ ನೋಡುವವರೆಗೆ ಮಾತ್ರ ಉಳಿಯಿತು.

ನೆಲಮಹಡಿ. ಎರಡು ಬೆಡ್‌ರೂಮು. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಹಿಮ ಹೊತ್ತ ಬೆಟ್ಟ. ಹಿಂಬಾಗಿಲ ಹೊರಗೆ ಒಂದು ಚಾಪೆಯಷ್ಟು ಮಣ್ಣು, ಅದರಲ್ಲಿ ಕೆಂಪು ಹರಿವೆ, ಕೊತ್ತಂಬರಿ. ಈಸ್ಟ್‌ಗೇಟ್‌ನ ನನ್ನ ಮನೆಯ ಕಿಟಕಿ ತೆರೆದರೆ ಫ್ರೀವೇ. ನನ್ನ ಕೊತ್ತಂಬರಿ ಬೆಳೆಯುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅದೂ ಮನಸ್ಸು ಬಂದರೆ.

ಅಲ್ಲಿಗೇ ನಿಂತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬಾಡಿಗೆ ಹೇಗೆ ಎಂದು ಕೇಳಿಬಿಟ್ಟೆ.

ಸೆಲಿನ್ ಸಲೀಸಾಗಿ ವಿವರಿಸಿದಳು. ಮನೆಯವರ ದುಡಿಮೆ ಹತ್ತು ರೂಪಾಯಿಯಾದರೆ ಬಾಡಿಗೆಗೆ ಹೆಚ್ಚುಕಡಿಮೆ ಮೂರು. ಉಳಿದದ್ದನ್ನು ಓನರ್‌ಗೆ ಸರ್ಕಾರವೇ ಕೊಡುತ್ತದೆ. ಯಾವ ಇಲಾಖೆ ಗೊತ್ತೇ? ಕೃಷಿ ಇಲಾಖೆ! ನಮ್ಮಲ್ಲಿ ಕೃಷಿ ಇಲಾಖೆಯೆಂದರೆ ಬಿತ್ತನೆ ಬೀಜ, ಗೊಬ್ಬರ. ಇಲ್ಲಿ ಹಳ್ಳಿಗಾಡಿನ ಬಡವರ ಮನೆ ಬಾಡಿಗೆಯನ್ನೂ ಅದೇ ನೋಡಿಕೊಳ್ಳುತ್ತದಂತೆ. ದುಡಿಮೆ ಹೆಚ್ಚಾದರೆ ಇವರ ಪಾಲು ಹೆಚ್ಚು, ಕಡಿಮೆಯಾದರೆ ಕಡಿಮೆ.

"ಇಲ್ಲಿಗೆ ಬಂದ ಮೇಲೆ ಆಲ್ಬರ್ಟಿಗೆ ಕೆಲಸದ ಗಂಟೆ ಇನ್ನೂ ಕಡಿಮೆ ಮಾಡಿದ್ರಲ್ಲ, ಆಗ ನಮ್ಮ ಬಾಡಿಗೆ ಇಳೀತು ಮಾರಾಯ್ರೆ," ಎಂದಳು.

ಬಾಡಿಗೆ ಇಳಿಯಿತು! ಈ ಎರಡು ಪದಗಳನ್ನು ಒಟ್ಟಿಗೆ ನಾನು ಕೇಳಿದ್ದೇ ಮೊದಲು. ಸಿಯಾಟಲ್ ಸುತ್ತಮುತ್ತ ಬಾಡಿಗೆ ಇಳಿದದ್ದನ್ನು ಕಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಮ್ಮದು ವರ್ಷಕ್ಕೊಮ್ಮೆ ಏರುತ್ತದೆ, ಏಕೆಂದು ಕೇಳಿದರೆ "ಮಾರ್ಕೆಟ್" ಎನ್ನುತ್ತಾರೆ. ನಮ್ಮವರು ಫ್ಯಾಕ್ಟೋರಿಯಾದ ಆಫೀಸೊಂದರಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದಾರೆ. ಅವರ ಸಂಬಳಕ್ಕೆ ಮಾತ್ರ ಆ ಮಾರ್ಕೆಟ್ಟಿನ ಪರಿಚಯವಿಲ್ಲ.

ಅಂದು ಮನೆಗೆ ಬಂದವಳೇ ನಾವೂ ಅಲ್ಲಿಗೆ ಅರ್ಜಿ ಹಾಕೋಣವೇ ಎಂದು ಕೇಳಿದೆ.

"ಸಂಬಳ ಕಮ್ಮಿ ಇರ್ಬೇಕು, ಊರು ಹಳ್ಳಿ ಆಗಿರ್ಬೇಕು. ಎರಡ್ರಲ್ಲೂ ನಾವು ಫೇಲ್ ಕಣೇ," ಎಂದರು ನಮ್ಮವರು. "ಸುಮ್ನೆ ಹೊಟ್ಟೆ ಉರ್ಕೊಳ್ಳೋದಕ್ಕಾದ್ರೆ ಯಾವ ಅರ್ಜೀನೂ ಬೇಡ."

ಇಲ್ಲದವರಿಗೆ ಸಿಕ್ಕಿದ್ದರ ಮೇಲೆ ಇದ್ದವಳು ಕಣ್ಣು ಹಾಕುವುದು ತಪ್ಪೆಂದು ನನಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದರೆ ಹೊಟ್ಟೆಕಿಚ್ಚು ಆರುತ್ತದೆಯೇ?

ಕಳೆದ ವಾರ ಸೆಲಿನ್ ಕಾಲ್ ಮಾಡಿದಳು. ಅವರ ಓನರ್ ಹ್ಯಾರಲ್ಡ್ ಎಂಬವರು ಆ ಮನೆಗಳನ್ನು ಕಟ್ಟಲು ಹಿಂದೆ ಸರ್ಕಾರದಿಂದ ಪಡೆದಿದ್ದ ಸಾಲ ಇನ್ನು ಕೆಲವೇ ತಿಂಗಳಲ್ಲಿ ತೀರುತ್ತದಂತೆ. ಶನಿವಾರ ಮಧ್ಯಾಹ್ನ ಅಲ್ಲಿನ ಮನೆಗಳಿಗೆಲ್ಲ ಒಂದೇ ಆದ ಲಾಂಡ್ರಿ ರೂಮಿನಲ್ಲಿ ಎಲ್ಲ ಮನೆಯವರೂ ಸೇರುತ್ತಾರಂತೆ, ಹ್ಯಾರಲ್ಡ್ ಕೂಡ ಬರುತ್ತಾರಂತೆ. "ನೀವೂ ಬನ್ನಿ ರತ್ನಕ್ಕ. ನಿಮಗೆ ಚಂದ ಮಾತಾಡ್ಲಿಕ್ಕೆ ಬರ್ತದಲ್ಲ, ಎರಡು ಮಾತು ಹೇಳಿ," ಎಂದಳು. ಶಾಲೆಯಲ್ಲಿ ಊಟದ ಬೆಲ್ ಆಯಿತೆಂದು ಫೋನ್ ಇಟ್ಟಳು.

ನನಗೆ ಅರ್ಥವಾದದ್ದು ಹೀಗೆ: ಸಾಲ ತೀರಿತು, ಸಂತೋಷ ಕೂಟ, ನನ್ನದು ಅಭಿನಂದನಾ ಭಾಷಣ.

ನೀವೇ ಹೇಳಿ, ನಮ್ಮಲ್ಲಿ ಮನೆ ಸಾಲ ತೀರಿದರೆ ಇನ್ನೇನು ಮಾಡುತ್ತಾರೆ? ಮೈಸೂರಿನಲ್ಲಿ ಅಪ್ಪ ಬ್ಯಾಂಕಿನಿಂದ ಮನೆಪತ್ರ ಬಿಡಿಸಿಕೊಂಡು ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದ್ದಳು. ಬೀದಿಯ ಮನೆಮನೆಗೂ ಸಿಹಿ ಹೋಗಿತ್ತು. ಮಾತು ಬಿಟ್ಟಿದ್ದ ಎದುರು ಮನೆಗೂ.

ಹಾಗಾಗಿ ಶುಕ್ರವಾರ ಸಂಜೆ ಕಾಯಿ ತುರಿಯಲು ಕೂತೆ. ತುರಿಯುತ್ತಾ ತುರಿಯುತ್ತಾ ಲೆಕ್ಕ ಬೇರೆ ಹಾಕಿದೆ. ಓನರ್ ಸಾಲ ತೀರಿದರೆ ಅವರಿಗೆ ಕಂತಿಲ್ಲ. ಕಂತಿಲ್ಲವೆಂದರೆ ಸೆಲಿನ್ ಬಾಡಿಗೆ ಇನ್ನೂ ಇಳಿಯುತ್ತದೆ. ಇನ್ನೂ! ಸಕ್ಕರೆ ಪಾಕ ಒಂದೆಳೆ ದಾಟಿದ್ದು ಈ ಯೋಚನೆಯಲ್ಲೇ. ಮಿಠಾಯಿ ಸ್ವಲ್ಪ ಗಟ್ಟಿಯಾಯಿತು.

ಲಾಂಡ್ರಿ ರೂಮಿನ ತುಂಬ ಜನ. ವಯಸ್ಸಾದವರೇ ಹೆಚ್ಚು. ಆಕ್ಸಿಜನ್ ಕೊಳವೆ ಮೂಗಿಗೆ ಹಾಕಿಕೊಂಡ ಡೋರೀನ್ ಎಂಬ ಅಜ್ಜಿ, ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡ ಒಬ್ಬ ಹುಡುಗಿ, ಬೆನ್ನು ನೋವಿಗೆ ಗೋಡೆಗೊರಗಿ ನಿಂತ ಆಲ್ಬರ್ಟ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದವರು ಹ್ಯಾರಲ್ಡ್. ಎಲ್ಲರ ಮುಖ ಗಂಭೀರವಾಗಿತ್ತು. (ಅಮೆರಿಕನ್ನರ ಮೀಟಿಂಗ್ ಹೀಗೇ ಇರುತ್ತದೇನೋ ಅಂದುಕೊಂಡೆ.) ಸೆಲಿನ್ ನನ್ನನ್ನು ಪರಿಚಯಿಸಿದಳು. ಎದ್ದೆ. ಡಬ್ಬಿ ಕೊಟ್ಟೆ. ನಮ್ಮ ಕಡೆ ಸಾಲ ತೀರುವುದೆಂದರೆ ಹಬ್ಬವಿದ್ದ ಹಾಗೆ, ನಿಮ್ಮೆಲ್ಲರ ಪರವಾಗಿ ಅಭಿನಂದನೆ ಎಂದೆ.

ಹ್ಯಾರಲ್ಡ್ ಪಾಪ, ಒಂದು ತುಂಡು ಬಾಯಿಗಿಟ್ಟುಕೊಂಡಾಗಿತ್ತು. ಗಟ್ಟಿ ಮಿಠಾಯಿ ಬೇರೆ. ಅಗಿಯುವಂತಿಲ್ಲ, ಉಗುಳುವಂತಿಲ್ಲ.

ಸೆಲಿನ್ ನನ್ನ ತೋಳು ಹಿಡಿದು ಕೂರಿಸಿದಳು. ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. "ರತ್ನಕ್ಕ, ಅವರ ಸಾಲ ಇರುವಷ್ಟು ದಿನ ಮಾತ್ರ ನಮಗೆ ಸರ್ಕಾರದ ಹಣ. ಅವರ ಸಾಲ ಮುಗಿದ ದಿನ ನಮ್ಮದೂ ಮುಗೀತು. ಆಮೇಲೆ ಪೂರ್ತಿ ಬಾಡಿಗೆ ನಾವೇ ಕೊಡ್ಬೇಕು. ಎಲ್ಲಿಂದ ಕೊಡುದು?"

ಅಲ್ಲಿ ಕೂತಿದ್ದವರೆಲ್ಲ ಈ ಮನುಷ್ಯನ ಸಾಲ ತೀರದಿರಲಿ ಎಂದು ಬೇಡಲು ಬಂದವರು. ಅದು ತೀರಿತೆಂದು ಸಿಹಿ ಹಂಚಲು ಹೋದವಳು ನಾನು.

ಆಗ ಮಾತಾಡಿದವರು ಹ್ಯಾರಲ್ಡ್. ಮಿಠಾಯಿ ನುಂಗಿ, ಈ ಹೆಂಗಸು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ತಾನೂ ಇಷ್ಟು ವರ್ಷ ಈ ದಿನಕ್ಕೇ ಕಾದಿದ್ದೆ ಎಂದರು. ಸರ್ಕಾರದ ನಿಯಮಗಳ ಹಗ್ಗ ಕಳಚಿಕೊಂಡು ಎಲ್ಲ ಮಾರಿ ಮಗಳ ಹತ್ತಿರ ಹೋಗಿ ಇರಬೇಕೆಂಬ ಆಸೆಯಂತೆ. ವಯಸ್ಸು ಎಂಬತ್ತರ ಹತ್ತಿರ. ಹೇಗೆ ಬೈಯುವುದು ಅವರನ್ನು?

ಏನೂ ದಾರಿಯಿಲ್ಲವೇ ಎಂದು ಕೇಳಿದೆ. ಮಾತಾಡಲು ಬರುತ್ತದೆಂದು ಕರೆಸಿಕೊಂಡವಳು ಇನ್ನೇನು ಮಾಡಲಿ? ಆ ಮನೆಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಹೆಂಗಸೂ ಅಲ್ಲಿದ್ದಳು, ಅವಳು ಹೇಳಿದ್ದಿಷ್ಟು: ಸೂರು ಸೋರುತ್ತಿದೆ, ರಿಪೇರಿಗೆಂದು ಅದೇ ಕೃಷಿ ಇಲಾಖೆಯಿಂದ ಹ್ಯಾರಲ್ಡ್ ಹೊಸ ಸಾಲ ಪಡೆದು, ಹಳೆಯದನ್ನೂ ಮುಂದಕ್ಕೆ ಎಳೆದುಕೊಂಡರೆ ನೆರವು ಮುಂದುವರಿಯಬಹುದು.

"ಈ ವಯಸ್ಸಿನಲ್ಲಿ ಹೊಸ ಸಾಲವೇ?" ಎಂದರು ಹ್ಯಾರಲ್ಡ್.

ಯಾರೂ ಒತ್ತಾಯ ಮಾಡಲಿಲ್ಲ. ಡೋರೀನ್ ಅಜ್ಜಿ ಮಾತ್ರ, ತನ್ನ ಕೋಣೆಯ ಸೂರು ಸೋರುವ ಜಾಗಕ್ಕೆ ಈಗ ದಿನಾ ಥ್ಯಾಂಕ್ಸ್ ಹೇಳುತ್ತಿದ್ದೇನೆ, ಅದೊಂದೇ ನಮಗಿರುವ ಆಸರೆ ಎಂದರು. ಎಲ್ಲರೂ ನಕ್ಕರು. ಹ್ಯಾರಲ್ಡ್ ಕೂಡ. ಮಗಳನ್ನು ಕೇಳಿ ಹೇಳುತ್ತೇನೆಂದು ಎದ್ದರು.

ಹೊರಡುವಾಗ ಕಾರಿನವರೆಗೆ ಬಂದ ಸೆಲಿನ್, ನಿಮ್ಮ ಈಸ್ಟ್‌ಗೇಟ್ ಕಡೆ ಬಾಡಿಗೆ ಎಷ್ಟುಂಟು ಎಂದು ಕೇಳಿದಳು. ಮನೆಗೆ ಹೋಗಿ ವಿಚಾರಿಸಿ ಹೇಳುತ್ತೇನೆ ಎಂದೆ. ನನ್ನದೇ ಮನೆಯ ಬಾಡಿಗೆಯನ್ನು ನಾನು ವಿಚಾರಿಸಬೇಕೇ? ಅವಳಿಗೂ ಗೊತ್ತಾಯಿತು. ಹ್ಞೂಂ ಎಂದಳು, ಅಷ್ಟೇ.

ನಿನ್ನೆ ಫೋನ್ ಮಾಡಿದ್ದಳು. ಹ್ಯಾರಲ್ಡ್ ಸೂರಿನ ಕೆಲಸದವರನ್ನು ಕರೆಸಿ ಅಳತೆ ತೆಗೆಸಿದ್ದಾರಂತೆ. ನಾನು ಕುಣಿಯುವುದೊಂದು ಬಾಕಿ. ಅವಳೇ ತಡೆದಳು. "ಈಗಲೇ ಸಿಹಿ ಮಾಡ್ಬೇಡಿ ರತ್ನಕ್ಕ. ಸಾಲ ಮಾಡಿದ ಮೇಲೆ ಮಾಡಿ."

ಇಷ್ಟೆಲ್ಲ ನೋಡಿದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಅಂಕಣ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಆರಿಲ್ಲ, ಜಾಗ ಬದಲಿಸಿದೆ. ಸೆಲಿನ್‌ಳ ಸರ್ಕಾರದ ನೆರವು ಬೇಡ, ಬೆಟ್ಟ ಬೇಡ, ಹರಿವೆ ಸೊಪ್ಪೂ ಬೇಡ. ಅವಳ ಮನೆಯ ಭವಿಷ್ಯ ಒಬ್ಬ ಮನುಷ್ಯನ ಕೈಯಲ್ಲಿದೆ, ಸರಿ. ಆದರೆ ಆ ಮನುಷ್ಯ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎದುರಿಗೆ ಕೂರುತ್ತಾನೆ. ಬಾಡಿಗೆಯವರ ಸಂಕಟ ಕೇಳುತ್ತಾನೆ. ನಾಲ್ಕು ಜನರ ಮುಂದೆ ತನ್ನ ಸಂಕಟವನ್ನೂ ಹೇಳಿಕೊಳ್ಳುತ್ತಾನೆ. ನಮ್ಮ ಕಾಂಪ್ಲೆಕ್ಸಿನಲ್ಲಿ ಕಳೆದ ಸಲ ಬಾಡಿಗೆ ಏರಿದಾಗ ನಾನು ಯಾರ ಬಾಗಿಲನ್ನೂ ತಟ್ಟಲಿಲ್ಲ, ನನ್ನ ಬಾಗಿಲನ್ನೂ ಯಾರೂ ತಟ್ಟಲಿಲ್ಲ. ಇಮೇಲ್ ಬಂತು, ಕಟ್ಟಿದೆವು.

ಇಷ್ಟು ವರ್ಷದಿಂದ ನನ್ನ ಬಾಡಿಗೆ ಏರಿಸುತ್ತಿರುವವರ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ. ನಿಮ್ಮದನ್ನು ಏರಿಸುವವರ ಮುಖ ನೀವು ನೋಡಿದ್ದೀರಾ?