ನಮ್ಮ ಮನೆ ಮುಂದಿಲ್ಲದ ಹಂಪ್ಸ್

ಟಕ್, ಟಕ್, ಟಕ್. ಎದುರುಮನೆ ಖಾಲಾ ಅಡಿಕೆ ಕತ್ತರಿಸುವ ಅಡಕೊತ್ತನ್ನು ತನ್ನ ಕಟ್ಟೆಯ ಕಲ್ಲಿಗೆ ಬಡಿದಳೆಂದರೆ ಚಹಾ ಆಯಿತು ಅಂತ ಅರ್ಥ. ತಿಕೋಟಾದ ನಮ್ಮ ಓಣಿಯಲ್ಲಿ ಅದೇ ನಮಗೆ ಕಾಲಿಂಗ್ ಬೆಲ್. ಅಕ್ಕ ಫೈಲು ಮುಚ್ಚಿ, ಚಪ್ಪಲಿ ಸಹ ಮೆಟ್ಟದೆ ಹೊರಟುಬಿಡುತ್ತಿದ್ದಳು. ಇಲ್ಲಿ ನಕ್ಕರೆ ಅಲ್ಲಿ ಕೇಳುವಷ್ಟು ಹತ್ತಿರ.

ಅಕ್ಕ ಆಗ ಎಂಎಲ್‌ಎ. ನಾನು, ಅವಳು ಇಬ್ಬರೂ ವಿಜಯಪುರದ ಕಾನ್ವೆಂಟಿನಲ್ಲಿ ಓದಿದವರು. ನನಗೆ ಸಿಸ್ಟರ್‌ಗಳ ಇಂಗ್ಲಿಷ್ ಬಂತು, ಅವಳಿಗೆ ಅವರ ಶಿಸ್ತು. ಅಸೆಂಬ್ಲಿಯಲ್ಲಿ ಉಳಿದವರು ದೊಡ್ಡ ದೊಡ್ಡ ಪ್ರಾಜೆಕ್ಟ್ ಕೇಳಿದರೆ ಇವಳು ಬಸ್‌ಸ್ಟಾಪಿಗೆ ನೆರಳು, ಸಂತೆಗೆ ಬರುವ ಹೆಂಗಸರಿಗೆ ಟಾಯ್ಲೆಟ್, ಮುದುಕರಿಗೆ ಬೆಂಚು ಕೇಳುವಳು. "ಊರಂದ್ರ ಮಂದಿಗೆ ನಡದಾಡಾಕ ಬರಬೇಕ, ಕೂಡಾಕ ಬರಬೇಕ. ಅಷ್ಟ." ಅವಳ ಪಕ್ಷದವರೇ 'ಬೆಂಚಿನ ಮೇಡಂ' ಅಂತ ನಗುತ್ತಿದ್ದರು.

ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಓಣಿಯ ಕಟ್ಟೆಗಳೆಲ್ಲ ಹೋಗಬೇಕಾಯಿತು. ಅಕ್ಕ ಮೊದಲು ನಮ್ಮದನ್ನೇ ಒಡೆಸಿದಳು, ಆಮೇಲೆ ಖಾಲಾನದು. ಖಾಲಾ ಒಡೆದ ಕಲ್ಲಿನ ಮೇಲೆ ಕೂತೇ ಬೈದಳು.

"ಎಮ್ಮೆಲ್ಲೆ ಆಗ್ಯಾಳಂತ, ಎಮ್ಮೆಲ್ಲೆ! ಕುಂಡಿ ಊರಾಕ ಇದ್ದ ಜಾಗಾನೂ ಕಸ್ಗೊಂಡ್ಲು."

"ಬೆಂಚ್ ಹಾಕಸ್ತೇನಿ ಖಾಲಾ."

"ಬೆಂಚ್ ಇರ್ಲಿ ಬೇ. ಈ ರಸ್ತಾ ನಾ ದಾಟೂದ್ಹೆಂಗ?"

ಬೆಂಚು ಬಂತು, ಅದರ ಮುಂದೆ ಮೋಟಾರ್‌ಸೈಕಲ್ಲುಗಳೂ ಬಂದು ನಿಂತವು. ರಸ್ತೆಯಲ್ಲಿ ಲಾರಿ, ಕಬ್ಬಿನ ಟ್ರ್ಯಾಕ್ಟರು, ಬಸ್ಸು, ಎಲ್ಲಕ್ಕೂ ಅವಸರ. ಅಷ್ಟರಲ್ಲಿ ಅಕ್ಕ ಬಬಲೇಶ್ವರದ ಶಾಲೆ ಮುಂದೆ, ಜೈನಾಪುರದಲ್ಲಿ, ಕಳ್ಳಕವಟಗಿಯಲ್ಲಿ, ಕೇಳಿದ ಕಡೆಗೆಲ್ಲ ಹಂಪ್ಸ್ ಹಾಕಿಸಿದ್ದಳು. ನಮ್ಮ ಮನೆ ಮುಂದೂ ಒಂದು ಹಾಕಿಸು ಅಂದೆ.

"ಮಂದಿ ಏನಂತಾರ? ಎಮ್ಮೆಲ್ಲೆ ತನ್ನ ಬಾಗಲಕ್ಕ ಹಂಪ್ಸ್ ಹಾಕ್ಕೊಂಡ್ಲು ಅಂತಾರ. ಎಲ್ಲಾರದೂ ಆಗ್ಲಿ, ಕಡೀಕ ನಮ್ಮದು."

"ದಿಸ್ ಈಸ್ ಪ್ರೈಡ್, ನಾಟ್ ಪ್ರಿನ್ಸಿಪಲ್," ಅಂತ ಜಗಳಾಡಿದೆ. ಮುಂದಿನ ಎಲೆಕ್ಷನ್‌ನಲ್ಲಿ ಅಕ್ಕ ಸೋತಳು. ಕಡೀಕ ಅಂತ ಇಟ್ಟುಕೊಂಡದ್ದು ಕಡೀಕೇ ಉಳಿಯಿತು. ಹಂಪ್ಸಿನ ಅರ್ಜಿ ಹಿಡಿದು ತಾನೇ ಆಫೀಸಿಗೆ ಹೋದರೆ, ಮೊದಲು ಎದ್ದು ನಿಲ್ಲುತ್ತಿದ್ದವರು ಈಗ ಕೂತಲ್ಲಿಂದಲೇ "ನೋಡೂಣ್ರಿ ಮೇಡಂ" ಅನ್ನುತ್ತಿದ್ದರು.

ವರ್ಷಗಳು ಕಳೆದು ಅಕ್ಕ, ಖಾಲಾ ಇಬ್ಬರ ಮೊಣಕಾಲೂ ಸೋತವು. ಸಂಜೆ ಖಾಲಾ ಆ ಬಾಗಿಲಲ್ಲಿ, ಅಕ್ಕ ಈ ಬಾಗಿಲಲ್ಲಿ. ಖಾಲಾ ಕಪ್ಪು ಎತ್ತಿ ತೋರಿಸಿ, ತಾನೇ ಕುಡಿಯುವಳು. ಅಕ್ಕ ನಗುವಳು. ಒಳಗೆ ಬಂದರೆ ನಾನು ಮಾಡಿದ ಚಹಾ ಮುಟ್ಟುತ್ತಿರಲಿಲ್ಲ.

ಖಾಲಾನನ್ನು ನಾವು ಕೊನೆಯ ಸಲ ನೋಡಿದ್ದು ಅವಳ ಮಗ ವಿಜಯಪುರದ ಆಸ್ಪತ್ರೆಗೆ ಒಯ್ಯಲು ಟಂಟಂ ಗಾಡಿಗೆ ಹತ್ತಿಸಿದ ದಿನ. ಅಕ್ಕ ನನ್ನ ಭುಜ ಹಿಡಿದು ರಸ್ತೆಯ ಅಂಚಿಗೆ ಬಂದಳು. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು, ನಿಲ್ಲಲೊಲ್ಲವು. ಒಂದು ಹೋಗಿ ಇನ್ನೊಂದು ಬರುವ ನಡುವೆ ಖಾಲಾ ಕಂಡಳು. ನಮ್ಮ ಕಡೆ ನೋಡುತ್ತ ಗಾಡಿಯ ಕಬ್ಬಿಣದ ರಾಡಿಗೆ ಏನನ್ನೋ ಬಡಿಯುತ್ತಿದ್ದಳು. ಸದ್ದು ಈ ಕಡೆ ಬರಲಿಲ್ಲ.

"ನಿಂದರ್ಸ್ರೋ! ಯಪ್ಪಾ, ಒಂದೀಟ ನಿಂದರ್ಸ್ರೋ!" ಅಂತ ಅಕ್ಕ ಕೈ ಎತ್ತಿದಳು.

ಟ್ರ್ಯಾಕ್ಟರುಗಳೆಲ್ಲ ದಾಟಿದಾಗ ಆ ಕಡೆ ಗಾಡಿ ಇರಲಿಲ್ಲ. ಅಕ್ಕನ ಕೈ ಇನ್ನೂ ಮೇಲೇ ಇತ್ತು. ನಾನೇ ಹಿಡಿದು ಇಳಿಸಿದೆ.